ಹಳೆಯ ಆಡಿಯೊ ಆಂಪ್ಲಿಫೈಯರ್‌ಗಳು: ನಾದಗುಣ ಮತ್ತು ಬಾಳಿಕೆ

ಗ್ರಾಮಫೋನ್ ಮುಳ್ಳು, ರೇಡಿಯೊ ಟ್ಯೂನರ್, ಟೇಪ್ ಡೆಕ್ ಮೊದಲಾದವುಗಳಿಂದ ಬರುವ ಕ್ಷೀಣ ವಿದ್ಯುತ್ ಸಂಕೇತವನ್ನು ಸ್ಪೀಕರ್ ನಡೆಸುವಷ್ಟು ಬಲಗೊಳಿಸುವ ಉಪಕರಣವೇ ಆಡಿಯೊ ಆಂಪ್ಲಿಫೈಯರ್. ಎರಡನೆಯ ಮಹಾಯುದ್ಧ ಮುಗಿದಾಗಿನಿಂದ 1980ರ ಆಸುಪಾಸಿನವರೆಗೆ ತಯಾರಾದವನ್ನು ಸಾಮಾನ್ಯವಾಗಿ ವಿಂಟೇಜ್ ಆಂಪ್ಲಿಫೈಯರ್ ಎನ್ನುತ್ತಾರೆ. ಆ ಕಾಲದ ಟಿ.ವಿ., ಟೇಪ್ ರೆಕಾರ್ಡರ್‌ಗಳು ಬಹುಮಟ್ಟಿಗೆ ಮೂಲೆ ಸೇರಿವೆ. ಆಂಪ್ಲಿಫೈಯರ್‌ಗಳು ಮಾತ್ರ ಈಗಲೂ ದಿನಬಳಕೆಯಲ್ಲಿವೆ. ಒಳ್ಳೆಯ ಸ್ಥಿತಿಯಲ್ಲಿರುವ ಸೆಟ್ಟನ್ನು ಇಂದಿನ ಡಿಜಿಟಲ್ ಪ್ಲೇಯರ್‌ಗೆ ಜೋಡಿಸಿ ನೆಮ್ಮದಿಯಾಗಿ ಕೇಳಬಹುದು. ಸಂಕೇತವನ್ನು ಕೆಡಿಸದೆ ಬಲಗೊಳಿಸುವ ಸಮಸ್ಯೆಗೆ 1950ರ ದಶಕದ ಹೊತ್ತಿಗೇ ಬಹುಪಾಲು ಉತ್ತರ ಸಿಕ್ಕಿದ್ದು ಇದಕ್ಕೆ ಒಂದು ಕಾರಣ. ಆ ಉತ್ತರವನ್ನು ಬಿಚ್ಚಿ ರಿಪೇರಿ ಮಾಡಬಹುದಾದ ರೂಪದಲ್ಲಿ, ಬಿಡಿಭಾಗಗಳ ಮೇಲೆ ಹೆಚ್ಚು ಹೊರೆ ಹೇರದೆ ಕಟ್ಟಿದ್ದು ಇನ್ನೊಂದು ಕಾರಣ.

ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ರೂಪಿಸಿದ ಮೂರು ವಿದ್ಯುದಗ್ರಗಳ ವಾಲ್ವಿನಿಂದ ಈ ಶಾಖೆ ಹುಟ್ಟಿತು. ಕಾಯ್ದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ನಿರ್ವಾತದಲ್ಲಿ ಆನೋಡಿನತ್ತ ಹರಿಯುತ್ತವೆ. ನಡುವೆ ಇರುವ ಗ್ರಿಡ್ಡಿನ ಸಣ್ಣ ವೋಲ್ಟೇಜು ಈ ದೊಡ್ಡ ಹರಿವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆದರೆ ಈ ಹತೋಟಿ ಪೂರ್ತಿ ನೇರಾನುಪಾತದಲ್ಲಿ ಇರುವುದಿಲ್ಲವಾದ್ದರಿಂದ ಮೂಲದಲ್ಲಿ ಇಲ್ಲದ ಸ್ವರಾಂಶಗಳು ಹೊರಗೆ ಬರುವ ಸಂಕೇತಕ್ಕೆ ಸೇರಿಕೊಳ್ಳುತ್ತವೆ. ಇದೇ ವಿಕೃತಿ. ದೂರವಾಣಿ ಸಂಸ್ಥೆಯ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ 1927ರ ಆಗಸ್ಟಿನಲ್ಲಿ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಇದಕ್ಕೊಂದು ಪರಿಹಾರ ಹೊಳೆಯಿತು. ಹೊರಗೆ ಬಂದ ಸಂಕೇತದ ಒಂದು ಪಾಲನ್ನು ವಿರುದ್ಧ ದಿಕ್ಕಿನಲ್ಲಿ ಒಳಕ್ಕೆ ಮರಳಿಸಿದರೆ ವರ್ಧನೆ ಕಡಿಮೆಯಾದರೂ ವಿಕೃತಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಋಣಾತ್ಮಕ ಫೀಡ್‌ಬ್ಯಾಕ್ ಎಂಬ ಈ ತತ್ತ್ವವನ್ನು ಬ್ಲ್ಯಾಕ್ ಕೈಯಲ್ಲಿದ್ದ ದಿನಪತ್ರಿಕೆಯ ಹಾಳೆಯ ಮೇಲೇ ಬರೆದಿಟ್ಟರು. ಮುಂದೆ ಬಂದ ಉತ್ತಮ ಆಂಪ್ಲಿಫೈಯರ್‌ಗಳಲ್ಲಿ ಬಹುತೇಕ ಎಲ್ಲವೂ ಇದನ್ನೇ ಆಧರಿಸಿವೆ.

ಈ ತತ್ತ್ವವನ್ನು ಮನೆಬಳಕೆಯ ಸಂಗೀತಕ್ಕೆ ಪಕ್ವವಾಗಿ ಅಳವಡಿಸಿದ್ದು ಬ್ರಿಟನ್. ಹೆರಾಲ್ಡ್ ಲೀಕ್ 1945ರಲ್ಲಿ ತಂದ ಆಂಪ್ಲಿಫೈಯರ್‌ಗೆ ‘ಪಾಯಿಂಟ್ ಒನ್’ ಎಂದೇ ಹೆಸರು, ವಿಕೃತಿ ಶೇ. 0.1 ಎಂಬುದು ಅದರ ಅರ್ಥ. 1947ರಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಎರಡು ಕೆಟಿ66 ವಾಲ್ವುಗಳ 15 ವಾಟ್ ಆಂಪ್ಲಿಫೈಯರ್ ಒಂದರ ಪೂರ್ಣ ವಿನ್ಯಾಸವನ್ನು ಪ್ರಕಟಿಸಿದರು. ಪೂರ್ಣ ಶಕ್ತಿಯಲ್ಲೂ ಅದರ ವಿಕೃತಿ ಶೇ. 0.1ನ್ನು ಮೀರುತ್ತಿರಲಿಲ್ಲ. ಈ ವಿನ್ಯಾಸದ ಜೀವಾಳ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ವಾಲ್ವು ಹೆಚ್ಚು ವೋಲ್ಟೇಜು, ಕಡಿಮೆ ಕರೆಂಟಿನ ಸಾಧನ. ಸ್ಪೀಕರಿಗೆ ಬೇಕಾದದ್ದು ಕಡಿಮೆ ವೋಲ್ಟೇಜು, ಹೆಚ್ಚು ಕರೆಂಟು. ಇವೆರಡನ್ನು ಹೊಂದಿಸುವ ಟ್ರಾನ್ಸ್‌ಫಾರ್ಮರ್ 20 ಹರ್ಟ್ಸ್‌ನ ತಗ್ಗು ಸ್ವರವನ್ನೂ 20,000 ಹರ್ಟ್ಸ್‌ನ ತಾರ ಸ್ವರವನ್ನೂ ಒಂದೇ ಸಮನೆ ದಾಟಿಸಬೇಕು. ತಗ್ಗು ಸ್ವರಕ್ಕೆ ದೊಡ್ಡ ಕಬ್ಬಿಣದ ತಿರುಳು, ಹೆಚ್ಚು ಸುತ್ತು ಬೇಕು. ತಾರ ಸ್ವರಕ್ಕೆ ಅದೇ ಅಡ್ಡಿ. ಹೀಗಾಗಿ ಪ್ರೈಮರಿ, ಸೆಕೆಂಡರಿ ಸುರುಳಿಗಳನ್ನು ಹಲವು ಭಾಗ ಮಾಡಿ ಒಂದರ ಮೇಲೊಂದು ಪದರವಾಗಿ ಸುತ್ತಬೇಕಾಗುತ್ತದೆ. ವಿಲಿಯಮ್ಸನ್ ತಮ್ಮ ಲೇಖನದಲ್ಲಿ ಈ ಸುತ್ತುಗಳ ವಿವರವನ್ನೂ ಕೊಟ್ಟಿದ್ದರು. ಚೆನ್ನಾಗಿ ಸುತ್ತಿದ ಇಂಥ ಟ್ರಾನ್ಸ್‌ಫಾರ್ಮರ್‌ಗೆ ಸವೆತವೆಂಬುದಿಲ್ಲ. ಅತಿಯಾಗಿ ಕಾಯದಂತೆ, ತೇವ ತಾಗದಂತೆ ನೋಡಿಕೊಂಡರೆ ಅದು ಉಳಿದೆಲ್ಲ ಭಾಗಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಮುಂದಿನ ಹದಿನೈದು ವರ್ಷ ವಾಲ್ವ್ ಆಂಪ್ಲಿಫೈಯರ್‌ನ ಸುವರ್ಣಕಾಲ. ಇಂಗ್ಲೆಂಡಿನ ಹಂಟಿಂಗ್ಡನ್ ಊರಿನಲ್ಲಿ ಪೀಟರ್ ವಾಕರ್ ನಡೆಸುತ್ತಿದ್ದ ಕಂಪನಿಯಿಂದ 1953ರಲ್ಲಿ ಕ್ವಾಡ್ II ಹೊರಬಂತು. 15 ವಾಟ್‌ಗಳ ಈ ಪುಟ್ಟ ಬೂದುಬಣ್ಣದ ಆಂಪ್ಲಿಫೈಯರ್ 1970ರ ಸುಮಾರಿನವರೆಗೂ ತಯಾರಾಗುತ್ತಲೇ ಇತ್ತು. ಅಮೆರಿಕದಲ್ಲಿ ಡೇವಿಡ್ ಹ್ಯಾಫ್ಲರ್ ಮತ್ತು ಹರ್ಬರ್ಟ್ ಕೆರೋಸ್ 1951ರಲ್ಲಿ ಔಟ್‌ಪುಟ್ ವಾಲ್ವುಗಳ ವಿಕೃತಿ ತಗ್ಗಿಸುವ ಅಲ್ಟ್ರಾಲೀನಿಯರ್ ಜೋಡಣೆಯನ್ನು ಪ್ರಚಾರಕ್ಕೆ ತಂದರು. 1959ರಲ್ಲಿ ಹ್ಯಾಫ್ಲರ್ ಅವರ ಡೈನಾಕೊ ಕಂಪನಿ ಹೊರತಂದ ಸ್ಟೀರಿಯೊ 70 ಮನೆಯಲ್ಲೇ ಬೆಸುಗೆ ಹಾಕಿ ಜೋಡಿಸಿಕೊಳ್ಳುವ ಕಿಟ್ ಆಗಿಯೂ ಸಿಗುತ್ತಿತ್ತು, ಲಕ್ಷಗಟ್ಟಲೆ ಮಾರಾಟವಾಯಿತು. ಖರೀದಿಸಿದವರು ತಾವೇ ಕಟ್ಟಿದ ಸೆಟ್ಟನ್ನು ತಾವೇ ಬಿಚ್ಚಿ ಸರಿಪಡಿಸಬಲ್ಲರು. ಸ್ಟೀರಿಯೊ 70 ಇಷ್ಟು ದೊಡ್ಡ ಸಂಖ್ಯೆಯಲ್ಲಿ ಉಳಿದಿರುವುದರಲ್ಲಿ ಇದರ ಪಾಲು ಸಣ್ಣದಲ್ಲ. ಮೆಕಿಂತೋಷ್ ಕಂಪನಿಯ 1961ರ ಎಂಸಿ275 ಒಂದೊಂದು ಚಾನಲ್ಲಿಗೆ 75 ವಾಟ್ ಕೊಡುತ್ತಿತ್ತು. ಆ ಹೊತ್ತಿಗೆ ಅದು ಭಾರಿ ಶಕ್ತಿ.

ಟ್ರಾನ್ಸಿಸ್ಟರ್ 1947ರಲ್ಲೇ ಹುಟ್ಟಿದರೂ ಹೈ-ಫೈ ಆಂಪ್ಲಿಫೈಯರ್‌ಗೆ ಬರಲು ಒಂದೂವರೆ ದಶಕ ಹಿಡಿಯಿತು. ಮೊದಮೊದಲ ಟ್ರಾನ್ಸಿಸ್ಟರ್ ಸೆಟ್ಟುಗಳು ಕೆಟ್ಟ ಹೆಸರು ತೆಗೆದುಕೊಂಡದ್ದು ಅನ್ಯಾಯವೇನಲ್ಲ. ಜರ್ಮೇನಿಯಮ್ ಟ್ರಾನ್ಸಿಸ್ಟರ್‌ಗಳು ಕಾದಷ್ಟೂ ಹೆಚ್ಚು ಕರೆಂಟು ಎಳೆದು, ಮತ್ತಷ್ಟು ಕಾದು, ಕೊನೆಗೆ ಸುಟ್ಟುಹೋಗುತ್ತಿದ್ದವು. ಸ್ಪೀಕರ್ ವೈರು ಒಂದು ಕ್ಷಣ ಶಾರ್ಟ್ ಆದರೂ ಸಾಕಿತ್ತು. ಇನ್ನೊಂದು ತೊಂದರೆ ನೇರವಾಗಿ ಕಿವಿಗೆ ಬೀಳುವಂಥದ್ದು. ಬಿ ವರ್ಗದ ಆಂಪ್ಲಿಫೈಯರ್‌ನಲ್ಲಿ ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ನೋಡಿಕೊಳ್ಳುತ್ತದೆ. ಒಂದರಿಂದ ಇನ್ನೊಂದಕ್ಕೆ ಕೈ ಬದಲಾಗುವ ಜಾಗದಲ್ಲಿ ಉಂಟಾಗುವ ಕ್ರಾಸ್‌ಓವರ್ ವಿಕೃತಿ ಸಣ್ಣ ದನಿಯಲ್ಲಿ ಕೇಳುವಾಗಲೇ ಹೆಚ್ಚು ಎದ್ದು ಕಾಣುತ್ತದೆ, ಏಕೆಂದರೆ ಆಗ ಅಲೆಯ ಬಹುಭಾಗ ಆ ಕೂಡುಜಾಗದಲ್ಲೇ ಇರುತ್ತದೆ. ‘ಟ್ರಾನ್ಸಿಸ್ಟರ್ ದನಿ ಒರಟು’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

ಸಿಲಿಕಾನ್ ಟ್ರಾನ್ಸಿಸ್ಟರ್ ಬಂದ ಮೇಲೆ ಪರಿಸ್ಥಿತಿ ಬೇಗ ಸುಧಾರಿಸಿತು. ಆರ್‌ಸಿಎ ಕಂಪನಿಯ 2ಎನ್3055 ಅಗ್ಗವಾಗಿಯೂ ಗಟ್ಟಿಯಾಗಿಯೂ ಇದ್ದು ಪ್ರಪಂಚದ ಮೂಲೆಮೂಲೆಗೆ ಹರಡಿತು. 1967ರ ಕ್ವಾಡ್ 303 ಈ ಪೀಳಿಗೆಯ ಅತ್ಯುತ್ತಮ ಮಾದರಿ. ಅದರ ಔಟ್‌ಪುಟ್ ಹಂತದ ಪ್ರತಿ ಬದಿಯಲ್ಲಿ ಮೂರು ಟ್ರಾನ್ಸಿಸ್ಟರ್‌ಗಳ ಗುಂಪಿದ್ದು, ಕಾದಾಗಲೂ ತಣ್ಣಗಿದ್ದಾಗಲೂ ಬಯಾಸ್ (ಸಂಕೇತ ಇಲ್ಲದಾಗಲೂ ಹರಿಯುವ ಅಲ್ಪ ಕರೆಂಟು) ಸ್ಥಿರವಾಗಿ ನಿಲ್ಲುತ್ತದೆ. ವಿದ್ಯುತ್ ಪೂರೈಕೆ 67 ವೋಲ್ಟಿಗೆ ನಿಯಂತ್ರಿತ. ಸ್ಪೀಕರಿಗೆ ಹೋಗುವ ದಾರಿಯಲ್ಲಿ ದೊಡ್ಡ ಕೆಪಾಸಿಟರ್ ಇರುವುದರಿಂದ ಟ್ರಾನ್ಸಿಸ್ಟರ್ ಸತ್ತರೂ ಡಿಸಿ ಕರೆಂಟು ಹರಿದು ಸ್ಪೀಕರ್ ಸುಡುವುದಿಲ್ಲ. 1969ರಲ್ಲಿ ಜಾನ್ ಲಿನ್ಸ್‌ಲಿ ಹುಡ್ ಕೆಲವೇ ಟ್ರಾನ್ಸಿಸ್ಟರ್‌ಗಳ 10 ವಾಟ್ ಎ ವರ್ಗದ (ಟ್ರಾನ್ಸಿಸ್ಟರ್ ಅಲೆಯುದ್ದಕ್ಕೂ ಆರದೆ ನಡೆಯುವ) ಆಂಪ್ಲಿಫೈಯರ್ ಒಂದನ್ನು ಪ್ರಕಟಿಸಿದಾಗ ಹೋಲಿಕೆಗೆ ಇಟ್ಟುಕೊಂಡದ್ದು ವಿಲಿಯಮ್ಸನ್‌ರ ವಾಲ್ವ್ ಸೆಟ್ಟನ್ನೇ. ಫಿನ್‌ಲೆಂಡಿನ ಮಟ್ಟಿ ಒಟಾಲ 1970ರಲ್ಲಿ, ಫೀಡ್‌ಬ್ಯಾಕ್ ಎಷ್ಟೇ ಇದ್ದರೂ ಒಳಗಿನ ಹಂತಗಳು ನಿಧಾನವಾಗಿದ್ದರೆ ಸಂಗೀತದ ದಿಢೀರ್ ಏರಿಳಿತಗಳಲ್ಲಿ ವಿಕೃತಿ ನುಸುಳುತ್ತದೆಂದು ತೋರಿಸಿದರು. ಆ ಬಳಿಕ ವಿನ್ಯಾಸಕಾರರು ಬರಿಯ ವಿಕೃತಿಯ ಅಂಕಿ ಹಿಡಿದು ಕೂರದೆ ವೇಗಕ್ಕೂ ಗಮನ ಕೊಟ್ಟರು.

ಎಪ್ಪತ್ತರ ದಶಕದ ಸೆಟ್ಟುಗಳು ಅಷ್ಟೊಂದು ಭಾರವಾಗಿ, ದಷ್ಟಪುಷ್ಟವಾಗಿ ಇರುವುದಕ್ಕೆ ಒಂದು ಕಾನೂನೂ ಕಾರಣ. ಅದುವರೆಗೆ ಕಂಪನಿಗಳು ‘ಪೀಕ್ ಪವರ್’ ಮುಂತಾದ ಹೆಸರಿನಲ್ಲಿ ಬಾಯಿಗೆ ಬಂದ ವಾಟ್‌ಗಳನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳುತ್ತಿದ್ದವು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಇದಕ್ಕೆ ಕಡಿವಾಣ ಹಾಕಿತು. ಎರಡೂ ಚಾನಲ್ ನಡೆಯುತ್ತಿರುವಾಗ ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು, ಯಾವ ಸ್ವರವ್ಯಾಪ್ತಿಯಲ್ಲಿ, ಎಷ್ಟು ವಿಕೃತಿಯೊಂದಿಗೆ ಎಂಬ ವಿವರದ ಸಮೇತ ಹೇಳಬೇಕಾಯಿತು. ಅಳೆಯುವ ಮೊದಲು ಆಂಪ್ಲಿಫೈಯರನ್ನು ಮೂರನೇ ಒಂದು ಭಾಗ ಶಕ್ತಿಯಲ್ಲಿ ಒಂದು ಗಂಟೆ ಓಡಿಸಬೇಕೆಂಬ ಷರತ್ತೂ ಇತ್ತು. ಬಿ ವರ್ಗದ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಅತಿ ಹೆಚ್ಚು ಕಾಯುವುದು ಪೂರ್ಣ ಶಕ್ತಿಯಲ್ಲಲ್ಲ, ಸುಮಾರು ಶೇ. 40ರಷ್ಟು ಶಕ್ತಿಯಲ್ಲಿ. ಹಾಗಾಗಿ ಈ ಒಂದು ಗಂಟೆಯ ಓಟ ಕಠಿಣ ಪರೀಕ್ಷೆಯೇ ಆಯಿತು. ಪರೀಕ್ಷೆ ಗೆಲ್ಲಲು ಶಾಖ ಹೊರಹಾಕುವ ದೊಡ್ಡ ಹೀಟ್ ಸಿಂಕ್, ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕದೆ ಗತಿಯಿರಲಿಲ್ಲ. ಪಯೋನಿಯರ್, ಮರಾಂಟ್ಜ್, ಸನ್ಸುಯಿ, ಕೆನ್‌ವುಡ್ ಮೊದಲಾದ ಕಂಪನಿಗಳು ಶಕ್ತಿಯಲ್ಲಿ ಪೈಪೋಟಿಗೆ ಇಳಿದದ್ದೂ ಆಗಲೇ. ಪಯೋನಿಯರ್ ಎಸ್‌ಎಕ್ಸ್-1250 1976ರಲ್ಲಿ ಚಾನಲ್ಲಿಗೆ 160 ವಾಟ್ ಕೊಟ್ಟರೆ, 1978ರ ಎಸ್‌ಎಕ್ಸ್-1980 ಕೊಟ್ಟದ್ದು 270 ವಾಟ್. ಅದರ ತೂಕ ಸುಮಾರು 35 ಕಿಲೊ. ಆದರೆ ಮನೆಯ ಕೋಣೆಯಲ್ಲಿ ಕೂತು ಸಂಗೀತ ಕೇಳಲು ಸರಾಸರಿ ಬೇಕಾಗುವುದು ಒಂದು ವಾಟ್‌ಗಿಂತ ಕಡಿಮೆ. ಇಂಥ ಸೆಟ್ಟು ಮನೆಯಲ್ಲಿ ನಲವತ್ತು ವರ್ಷ ಓಡಿದರೂ ತನ್ನ ಮಿತಿಯ ಹತ್ತಿರವೂ ಸುಳಿದಿರುವುದಿಲ್ಲ. ಅದೇ 1978ರಲ್ಲಿ ಬಂದ ಎನ್‌ಎಡಿ 3020 ಕೇವಲ 20 ವಾಟ್‌ಗಳ ಅಗ್ಗದ ಸೆಟ್ಟು; ಕಷ್ಟದ ಸ್ಪೀಕರ್‌ಗಳನ್ನೂ ಸಲೀಸಾಗಿ ನಡೆಸಿ ಹೆಸರು ಮಾಡಿತು.

ಇವುಗಳ ನಾದಗುಣವನ್ನು ಅಂಕಿಗಳಿಂದಲೂ ಕಿವಿಯಿಂದಲೂ ಪರೀಕ್ಷಿಸಲಾಗಿದೆ. ಶೇ. 0.1ರ ಆಂಪ್ಲಿಫೈಯರ್ ವಿಕೃತಿಯ ಎದುರು, ಒಳ್ಳೆಯ ಸ್ಪೀಕರ್ ಕೂಡ ಮಂದ್ರ ಸ್ವರದಲ್ಲಿ ಶೇಕಡಾ ಒಂದೆರಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ವಿಕೃತಿ ಸೇರಿಸುತ್ತದೆ. 1950ರ ದಶಕದಿಂದೀಚೆಗೆ ಧ್ವನಿಯ ಸರಪಳಿಯಲ್ಲಿ ದುರ್ಬಲ ಕೊಂಡಿ ಆಂಪ್ಲಿಫೈಯರ್ ಅಲ್ಲವೇ ಅಲ್ಲ. 1978ರಲ್ಲಿ ಜೇಮ್ಸ್ ಮೊಯಿರ್ ನಡೆಸಿದ ಪರೀಕ್ಷೆಯೊಂದರಲ್ಲಿ ವಾಲ್ವಿನ ಕ್ವಾಡ್ II, ಟ್ರಾನ್ಸಿಸ್ಟರಿನ 303, ಅದರ ನಂತರದ 405 ಈ ಮೂರನ್ನೂ ಯಾವುದು ಯಾವುದೆಂದು ತಿಳಿಸದೆ, ದನಿಯ ಮಟ್ಟ ಸರಿಹೊಂದಿಸಿ ಅನುಭವಿ ಕೇಳುಗರಿಗೆ ಕೇಳಿಸಲಾಯಿತು. ಊಹೆಯಿಂದ ಸಿಗಬಹುದಾದಕ್ಕಿಂತ ಹೆಚ್ಚು ಸರಿಯುತ್ತರ ಬರಲಿಲ್ಲ. ಇಪ್ಪತ್ತೆರಡು ವರ್ಷ ಅಂತರದ ಮೂರು ವಿನ್ಯಾಸಗಳು, ಮಿತಿಯೊಳಗೆ ನಡೆಸಿದಾಗ, ಒಂದೇ ರೀತಿ ಕೇಳಿಸಿದವು. ಹಳೆಯದರ ಮೇಲಿನ ಮೆಚ್ಚುಗೆಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ.

ಹಾಗೆಂದು ವ್ಯತ್ಯಾಸವೇ ಇಲ್ಲವೆಂದಲ್ಲ. ಕೇಳುವ ವ್ಯತ್ಯಾಸ ಇರುವಲ್ಲೆಲ್ಲ ಅದಕ್ಕೆ ಅಳೆಯಬಹುದಾದ ಕಾರಣವೂ ಇರುತ್ತದೆ. ಫೀಡ್‌ಬ್ಯಾಕ್ ಕಡಿಮೆಯಿರುವ ವಾಲ್ವ್ ಸೆಟ್ಟಿನ ಔಟ್‌ಪುಟ್ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 1 ಓಮ್‌ನಷ್ಟು ಇರಬಹುದು. ಸ್ಪೀಕರ್‌ನ ಇಂಪೀಡೆನ್ಸ್ ಸ್ವರಕ್ಕೆ ತಕ್ಕಂತೆ 6 ಓಮ್‌ನಿಂದ 30 ಓಮ್‌ವರೆಗೆ ಏರಿಳಿದರೆ ಕೇಳುವ ದನಿಯಲ್ಲಿ ಸುಮಾರು 1 ಡೆಸಿಬೆಲ್ ಏರಿಳಿತ ಆಗುತ್ತದೆ. ವಾಲ್ವಿನ ‘ಬೆಚ್ಚನೆಯ’ ದನಿ ಎಂದು ಹೇಳುವುದರಲ್ಲಿ ಬಹುಪಾಲು ಇದೇ. ಏಕ ವಾಲ್ವಿನ ಔಟ್‌ಪುಟ್ ಇರುವ ಸೆಟ್ಟುಗಳಲ್ಲಿ ಎರಡನೆಯ ಹಾರ್ಮೋನಿಕ್ ಹೆಚ್ಚು. ಅದು ಮೂಲ ಸ್ವರದ ಮೇಲಿನ ಸ್ಥಾಯಿಯೇ ಆದ್ದರಿಂದ ಕಿವಿಗೆ ಅಪಸ್ವರ ಎನಿಸುವುದಿಲ್ಲ. ಶಕ್ತಿ ಮೀರಿದಾಗ ವಾಲ್ವ್ ಸೆಟ್ಟು ಅಲೆಯ ತುದಿಯನ್ನು ಮೆಲ್ಲಗೆ ದುಂಡಗೆ ಮಾಡುತ್ತದೆ, ಟ್ರಾನ್ಸಿಸ್ಟರ್ ಸೆಟ್ಟು ಥಟ್ಟನೆ ಕತ್ತರಿಸುತ್ತದೆ. ಪೀಟರ್ ಬ್ಯಾಕ್ಸೆಂಡಲ್ 1952ರಲ್ಲಿ ಪ್ರಕಟಿಸಿದ ಬಾಸ್, ಟ್ರೆಬಲ್ ಕಂಟ್ರೋಲ್ ಸರ್ಕ್ಯೂಟು ಬಹಳಷ್ಟು ಹಳೆಯ ಸೆಟ್ಟುಗಳಲ್ಲಿ ಕಾಣುತ್ತದೆ. ಕೆಟ್ಟ ರೆಕಾರ್ಡಿಂಗನ್ನೂ ಪ್ರತಿಧ್ವನಿಸುವ ಕೋಣೆಯನ್ನೂ ಒಂದು ಮಟ್ಟಕ್ಕೆ ತಿದ್ದಿಕೊಳ್ಳಲು ಅದು ಕೊಡುವ ಅನುಕೂಲವನ್ನು ನಂತರದ ಕೆಲವು ತಯಾರಕರು ‘ಶುದ್ಧತೆ’ಯ ಹೆಸರಿನಲ್ಲಿ ತೆಗೆದುಹಾಕಿದ್ದು ಕೇಳುಗರಿಗೆ ನಷ್ಟವೇ.

ಬಾಳಿಕೆಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಇಂದು ಕಣ್ಣಿಗೆ ಬೀಳುವುದು ಉಳಿದುಕೊಂಡ ಸೆಟ್ಟುಗಳು ಮಾತ್ರ. ಅದೇ ಕಾಲದ ಕಳಪೆ ಸೆಟ್ಟುಗಳು ಎಂದೋ ಗುಜರಿ ಸೇರಿವೆ. ‘ಆಗಿನದೆಲ್ಲ ಗಟ್ಟಿ’ ಎಂಬುದು ಪೂರ್ತಿ ನಿಜವಲ್ಲ. ಉಳಿದವುಗಳಲ್ಲಿ ಸಾಮಾನ್ಯವಾಗಿ ಕಾಣುವ ಗುಣವೆಂದರೆ ಶಾಖ, ವೋಲ್ಟೇಜುಗಳೆರಡನ್ನೂ ಬಿಡಿಭಾಗಗಳ ಮಿತಿಗಿಂತ ಬಹಳ ಕೆಳಗೆ ಇಟ್ಟಿರುವುದು. ಮೊದಲು ಮುಪ್ಪಾಗುವ ಭಾಗ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ರಿಪೇರಿಯವರ ಬಾಯಲ್ಲಿ ಕಂಡೆನ್ಸರ್. ಇದರೊಳಗಿನ ದ್ರವ ಕಾಲಕ್ರಮೇಣ ಒಣಗುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಆಯಸ್ಸು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರ್‌ಗಳ ಲೆಕ್ಕ. 85 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕಂಡೆನ್ಸರ್ 45 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ದಿನಕ್ಕೆ ಮೂರು ಗಂಟೆ ಹಾಡು ಕೇಳುವ ಮನೆಯಲ್ಲಿ ಅದು 29 ವರ್ಷ. ಗಾಳಿಯಾಡುವ ದೊಡ್ಡ ಪೆಟ್ಟಿಗೆ, ದೂರದಲ್ಲಿಟ್ಟ ಹೀಟ್ ಸಿಂಕ್ ಇವುಗಳ ಬೆಲೆ ಗೊತ್ತಾಗುವುದು ಇಲ್ಲಿ. ಹೊಸ ಕಾಲದ ವಸ್ತುವೆಂದ ಮಾತ್ರಕ್ಕೆ ಹೆಚ್ಚು ಬಾಳುವುದೂ ಇಲ್ಲ. 2000ರ ಆಸುಪಾಸಿನಲ್ಲಿ ತಯಾರಾದ ದೋಷಯುಕ್ತ ಕಂಡೆನ್ಸರ್‌ಗಳು ಕೆಲವೇ ವರ್ಷಗಳಲ್ಲಿ ಉಬ್ಬಿ ಲೆಕ್ಕವಿಲ್ಲದಷ್ಟು ಕಂಪ್ಯೂಟರ್ ಮದರ್‌ಬೋರ್ಡ್‌ಗಳನ್ನು ಕೆಡಿಸಿದವು.

ವಾಲ್ವ್ ಸೆಟ್ಟಿನಲ್ಲಿ ಇದಕ್ಕಿಂತ ಅಪಾಯಕಾರಿಯಾದದ್ದು ಎರಡು ಹಂತಗಳ ನಡುವಿನ ಕಾಗದದ ಕಪ್ಲಿಂಗ್ ಕಂಡೆನ್ಸರ್. ಇದರ ಒಂದು ಬದಿಯಲ್ಲಿ ಇನ್ನೂರು ಮುನ್ನೂರು ವೋಲ್ಟು, ಇನ್ನೊಂದು ಬದಿಯಲ್ಲಿ ಔಟ್‌ಪುಟ್ ವಾಲ್ವಿನ ಗ್ರಿಡ್. ಕಾಗದ ತೇವ ಹೀರಿಕೊಂಡು ಅತ್ಯಲ್ಪ ಕರೆಂಟು ಸೋರಿದರೂ ಗ್ರಿಡ್ಡಿನ ಋಣ ವೋಲ್ಟೇಜು ಕರಗಿಹೋಗುತ್ತದೆ. ವಾಲ್ವು ಮಿತಿಮೀರಿ ಕರೆಂಟು ಎಳೆಯುತ್ತದೆ. ಗಾಜಿನೊಳಗಿನ ಬೂದುಬಣ್ಣದ ಆನೋಡ್ ತಗಡಿನ ನಡುವೆ ಮೊದಲು ಮಂಕಾದ ಕೆಂಪು ಚುಕ್ಕೆಯೊಂದು ಮೂಡಿ, ಒಂದೆರಡು ನಿಮಿಷದಲ್ಲಿ ಇಡೀ ತಗಡು ಕೆಂಪಗಾಗುತ್ತದೆ. ಆಗಲೂ ಸ್ವಿಚ್ ಆರಿಸದಿದ್ದರೆ ಮುಂದಿನ ಸರದಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನದು, ಅದಾದರೆ ಸೆಟ್ಟಿನ ಮೌಲ್ಯವೇ ಹೋದಂತೆ. ಕೆಲವೇ ರೂಪಾಯಿಯ ಫಿಲ್ಮ್ ಕಂಡೆನ್ಸರ್ ಹಾಕಿ ಈ ಸರಣಿ ಅನಾಹುತವನ್ನು ತಪ್ಪಿಸಬಹುದು.

ಉಳಿದ ಮುಪ್ಪಿನ ಲಕ್ಷಣಗಳು ಸಣ್ಣವು. ವಾಲ್ಯೂಮ್ ತಿರುಗಿಸಿದಾಗ ಕರಕರ ಎನ್ನುವುದು ಧೂಳಿನಿಂದ. ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟರೆ ಹೆಚ್ಚಿನಂಶ ಸರಿಹೋಗುತ್ತದೆ. ಒಂದು ಚಾನಲ್ ಬಂದು ಹೋಗಿ ಮಾಡಿದರೆ ಸ್ಪೀಕರ್ ರಿಲೆಯ ತುದಿಗಳು ಕಪ್ಪಾಗಿರುತ್ತವೆ, ಇಲ್ಲವೇ ಬೆಸುಗೆ ಬಿರುಕು ಬಿಟ್ಟಿರುತ್ತದೆ. ಹಳೆಯ ಕಾರ್ಬನ್ ರೆಸಿಸ್ಟರ್‌ಗಳ ಮೌಲ್ಯ ವರ್ಷ ಕಳೆದಂತೆ ಏರುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಕೆಲವು ಜಪಾನಿ ಸೆಟ್ಟುಗಳಲ್ಲಿ ಭಾಗಗಳು ಅಲುಗದಂತೆ ಹಾಕಿದ ಗೋಂದು ಕಂದುಬಣ್ಣಕ್ಕೆ ತಿರುಗಿ ತಂತಿಯನ್ನೇ ತಿಂದುಬಿಡುತ್ತದೆ. ಅದನ್ನು ಕೆರೆದು ತೆಗೆಯಲೇಬೇಕು.

ಹತ್ತಾರು ವರ್ಷ ಮೂಲೆಯಲ್ಲಿದ್ದ ಸೆಟ್ಟನ್ನು ನೇರ ಪ್ಲಗ್ಗಿಗೆ ಹಾಕುವುದು ತಪ್ಪು. ನುರಿತ ಮೆಕ್ಯಾನಿಕ್‌ಗಳು ಮೊದಲು ಸೀರೀಸ್ ಬಲ್ಬಿನ ಮೂಲಕ ಕರೆಂಟು ಕೊಡುತ್ತಾರೆ. ಸಾಲಿನಲ್ಲಿ 60 ಅಥವಾ 100 ವಾಟಿನ ಹಳೆಯ ಫಿಲಮೆಂಟ್ ಬಲ್ಬು ಇರುತ್ತದೆ. ಸ್ವಿಚ್ ಹಾಕಿದೊಡನೆ ಅದು ಜೋರಾಗಿ ಬೆಳಗಿ ತಕ್ಷಣ ಮಂಕಾದರೆ ಒಳಗಿನ ಕಂಡೆನ್ಸರ್‌ಗಳು ಚಾರ್ಜ್ ಆದವೆಂದು ಅರ್ಥ, ಮುಂದುವರಿಯಬಹುದು. ಮಂಕಾಗದೆ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ. ಬಲ್ಬು ಕರೆಂಟನ್ನು ತಡೆದಿರುವುದರಿಂದ ಬೇರೇನೂ ಸುಟ್ಟಿರುವುದಿಲ್ಲ. ಪ್ಲಗ್ ಕಿತ್ತ ಮೇಲೂ ವಾಲ್ವ್ ಸೆಟ್ಟಿನ ಕಂಡೆನ್ಸರ್‌ಗಳಲ್ಲಿ 400 ವೋಲ್ಟಿನವರೆಗೆ ಉಳಿದಿರಬಹುದು. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳದೆ ಕೈ ಹಾಕಿದವರ ಪ್ರಾಣಕ್ಕೆ ಅಪಾಯವಿದೆ.

ಬಿಡಿಭಾಗ ಸಿಗುವುದರಲ್ಲಿ ಒಂದು ವಿಚಿತ್ರ ಸ್ಥಿತಿಯಿದೆ. ಎಲ್ಲಕ್ಕಿಂತ ಹಳೆಯ ತಂತ್ರಜ್ಞಾನವಾದ ವಾಲ್ವಿಗೆ ಇಂದಿಗೂ ಪೂರೈಕೆ ಇದೆ. ಗಿಟಾರ್ ವಾದಕರು ವಾಲ್ವ್ ಆಂಪ್ಲಿಫೈಯರ್ ಬಿಡದಿರುವುದರಿಂದ ರಷ್ಯದ ಸರಾತೋವ್ ಮತ್ತು ಸ್ಲೊವಾಕಿಯದ ಕಾರ್ಖಾನೆಗಳು ಇಎಲ್34, ಇಎಲ್84, ಇಸಿಸಿ83 ಮೊದಲಾದವನ್ನು ತಯಾರಿಸುತ್ತಲೇ ಬಂದಿವೆ. ಬಿಡಿ ಟ್ರಾನ್ಸಿಸ್ಟರ್‌ಗಳ ಸೆಟ್ಟಿಗೂ ಸಮಾನ ಗುಣದ ಬದಲಿ ಹುಡುಕಬಹುದು, ನಕಲಿ ಮಾಲಿನ ಬಗ್ಗೆ ಎಚ್ಚರವಿದ್ದರೆ ಸಾಕು. ಕಷ್ಟವಾಗುವುದು ಎಂಬತ್ತರ ದಶಕದಿಂದೀಚಿನ ಸೆಟ್ಟುಗಳದು. ಇಡೀ ಔಟ್‌ಪುಟ್ ಹಂತವೇ ಒಂದು ಎಸ್‌ಟಿಕೆ ಐಸಿಯೊಳಗೆ ಇದ್ದು, ಆ ಐಸಿ ತಯಾರಿ ನಿಂತುಹೋಗಿದ್ದರೆ ಸೆಟ್ಟು ಅಲ್ಲಿಗೇ ಮುಗಿಯಿತು. ಸರ್ಕ್ಯೂಟ್ ಚಿತ್ರವನ್ನು ಮ್ಯಾನ್ಯುಯಲ್‌ನಲ್ಲೇ ಅಚ್ಚು ಹಾಕಿಕೊಡುತ್ತಿದ್ದ ಕ್ವಾಡ್‌ನಂಥ ಕಂಪನಿಗಳ ಸೆಟ್ಟುಗಳು ಇಷ್ಟು ಚೆನ್ನಾಗಿ ಉಳಿದಿರುವುದರಲ್ಲಿ ಆ ಒಂದು ಹಾಳೆಯ ಪಾತ್ರ ದೊಡ್ಡದು.

ಭಾರತದಲ್ಲಿ ಈ ಉಪಕರಣಗಳ ಚರಿತ್ರೆಗೆ ಬೆಂಗಳೂರಿನ ನಂಟಿದೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವುಗಳ, 1962ರಲ್ಲಿ ಜರ್ಮೇನಿಯಮ್ ಸಾಧನಗಳ ತಯಾರಿಕೆ ಶುರುಮಾಡಿತು. ಬಿಇಎಲ್ ಮುದ್ರೆಯ ಬಳಕೆಯಾಗದ ಇಸಿಸಿ83 ವಾಲ್ವುಗಳನ್ನು ಹೊರದೇಶಗಳ ಹವ್ಯಾಸಿಗಳೂ ಇಂದು ಹುಡುಕಿ ಕೊಳ್ಳುತ್ತಾರೆ. ಆಮದಿನ ಮೇಲೆ ಬಿಗಿ ನಿರ್ಬಂಧ ಇದ್ದ ದಶಕಗಳಲ್ಲಿ ವಿದೇಶಿ ಹೈ-ಫೈ ಸೆಟ್ಟು ಕೆಲವೇ ಮನೆಗಳ ಸ್ವತ್ತಾಗಿತ್ತು. ಜನಸಾಮಾನ್ಯರ ಕಿವಿಗೆ ಪರಿಚಿತವಾದದ್ದು ದೆಹಲಿಯ ಅಹುಜಾ ಕಂಪನಿಯ ಸಾರ್ವಜನಿಕ ಸಭೆಯ ಆಂಪ್ಲಿಫೈಯರ್. ಜಾತ್ರೆ, ಮದುವೆ ಛತ್ರ, ಯಕ್ಷಗಾನದ ಬಯಲುಗಳಲ್ಲಿ ಅದು ರಾತ್ರಿಯಿಡೀ ದುಡಿದಿದೆ. ನಾದಸೂಕ್ಷ್ಮಕ್ಕಿಂತ ಧೂಳು, ಸೆಕೆ, ವೋಲ್ಟೇಜಿನ ಏರಿಳಿತಗಳನ್ನು ತಾಳಿಕೊಳ್ಳುವುದೇ ಅದರ ಮುಖ್ಯ ಗುಣ. ಮನೆಬಳಕೆಗೆ ಕಾಸ್ಮಿಕ್, ಸೋನೊಡೈನ್ ಮುಂತಾದ ದೇಶೀ ಹೆಸರುಗಳು ಎಪ್ಪತ್ತರ ದಶಕದಿಂದ ಬಳಕೆಗೆ ಬಂದವು. ಅವುಗಳ ಬಿಡಿಭಾಗಗಳಿಗೆ ಕರ್ನಾಟಕದವರು ಇಂದಿಗೂ ಹೋಗುವುದು ಬೆಂಗಳೂರಿನ ಎಸ್.ಪಿ. ರಸ್ತೆಗೆ.

ಹಳೆಯ ಸೆಟ್ಟನ್ನು ಇಂದು ಬಳಸುವವರು ಮೊದಲು ನೋಡಬೇಕಾದದ್ದು ಹಿಂಬದಿಯ ವೋಲ್ಟೇಜ್ ಫಲಕ. ಜಪಾನಿನ ಒಳಬಳಕೆಯ ಸೆಟ್ಟು 100 ವೋಲ್ಟಿನದು, ಅಮೆರಿಕದ್ದು 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅಮೆರಿಕದ 60 ಹರ್ಟ್ಸ್‌ಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಕಾಯುತ್ತದೆ ಎಂಬುದೂ ಗಮನದಲ್ಲಿರಬೇಕು. ಎರಡು ಪಿನ್ನಿನ ವಯರಿದ್ದರೆ ಮೂರು ಪಿನ್ನಿನದು ಹಾಕಿಸಿ ಚಾಸಿಗೆ ಅರ್ತ್ ಕೊಡಿಸುವುದು ಕ್ಷೇಮ. ಇನ್ನು ಸಿ.ಡಿ. ಪ್ಲೇಯರ್ ಮತ್ತು ಡಿಜಿಟಲ್ ಕನ್ವರ್ಟರ್‌ಗಳು 2 ವೋಲ್ಟಿನವರೆಗೆ ಸಂಕೇತ ಕೊಡುತ್ತವೆ. ಕ್ವಾಡ್ 33 ಪ್ರಿಆಂಪ್ಲಿಫೈಯರ್‌ನಂಥವುಗಳ ರೇಡಿಯೊ ಒಳದಾರಿಗೆ ಬೇಕಾದದ್ದು 100 ಮಿಲಿವೋಲ್ಟ್ ಮಾತ್ರ. ನೇರವಾಗಿ ಜೋಡಿಸಿದರೆ ಮೊದಲ ಹಂತದಲ್ಲೇ ಸಂಕೇತ ಒಡೆದು ದನಿ ಕರ್ಕಶವಾಗುತ್ತದೆ, ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಕೋಣೆ ತುಂಬಿಬಿಡುತ್ತದೆ. ಎರಡು ರೆಸಿಸ್ಟರ್‌ಗಳ ಅಟೆನ್ಯುಯೇಟರ್ ಒಂದನ್ನು ಪ್ಲಗ್ಗಿನೊಳಗೇ ಬೆಸೆದು ಸಂಕೇತವನ್ನು ಇಪ್ಪತ್ತನೇ ಒಂದು ಭಾಗಕ್ಕೆ ಇಳಿಸಿಕೊಂಡರೆ ಈ ತೊಂದರೆ ಇರುವುದಿಲ್ಲ.